ಹಿಂದಿನ ಸಾಲಿನಲ್ಲಿ ಕೂತವರಿಗೆ

ಮಗೂ,

ಗೆದ್ದು ದೆಹಲಿಗೆ ಹೊರಟಿದ್ದೀಯ, ಬಹಳ ಸಂತೋಷ. ಲೋಕಸಭೆಯಲ್ಲಿ ನಿನಗೆ ಸಿಕ್ಕಿರುವುದು ಹಿಂದಿನ ಸಾಲು, ಅಲ್ಲಿ ಕೂತವರು ಟಿ.ವಿ.ಯಲ್ಲೂ ಸರಿಯಾಗಿ ಕಾಣುವುದಿಲ್ಲ ಎಂದು ನಿಮ್ಮಪ್ಪ ಪೇಚಾಡಿಕೊಂಡರು. ಮೊದಲ ಸಲ ಗೆದ್ದವರಿಗೆ ಮುಂದಿನ ಸಾಲನ್ನು ಯಾರು ಬಿಟ್ಟುಕೊಡುತ್ತಾರೆ? ದೊಡ್ಡ ಚರ್ಚೆಗಳಲ್ಲಿ ಮಾತಿನ ಹೊತ್ತು ಪಕ್ಷದ ಬಲಾಬಲದ ಮೇಲೆ ಹಂಚಿಕೆಯಾಗುತ್ತದೆ. ನಿನ್ನ ಸರದಿ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಸದನ ಅರ್ಧ ಖಾಲಿಯಾಗಿರುತ್ತದೆ, ಸಿಗುವುದು ನಾಲ್ಕೈದು ನಿಮಿಷ. ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಆ ಸಂಜೆಗಳನ್ನು ಬಹಳ ಕಾಲ ನೋಡಿದವನು ನಾನು. ಹಾಗೆ ನೋಡಿದ್ದರಿಂದಲೇ ಹೇಳುತ್ತೇನೆ, ಆ ಜಾಗವನ್ನು ಹಗುರವಾಗಿ ಕಾಣಬೇಡ. ಹಿಂದಿನ ಸಾಲಿನವರ ಮಾತಿಗೆ ತೂಕ ಕೊಡುವುದು ಕೈಯಲ್ಲಿರುವ ಕಾಗದ, ಮತ್ತು ಒಮ್ಮೆ ಎತ್ತಿದ ವಿಷಯದ ಬೆನ್ನು ಬಿಡದ ಹಟ. ಈ ಎರಡು ಇದ್ದವರು ಮಂತ್ರಿಗಿರಿ ಇಲ್ಲದೆಯೂ ದೇಶದ ದಾರಿ ತಿರುಗಿಸಿದ್ದಾರೆ.

ಫಿರೋಜ್ ಗಾಂಧಿ ಎಂದೊಡನೆ ನಿನ್ನ ವಯಸ್ಸಿನವರಿಗೆ ನೆನಪಾಗುವುದು ಅವರು ಯಾರ ಅಳಿಯ, ಯಾರ ಗಂಡ ಎಂಬುದಷ್ಟೆ. ಅವರನ್ನು ಸಂಸದರಾಗಿ ನೆನೆಯುವವರು ಕಡಿಮೆ. ರಾಯ್‌ಬರೇಲಿ ಕಡೆಯಿಂದ 1952ರಲ್ಲಿ ಗೆದ್ದು ಬಂದರು. ಆಳುವ ಪಕ್ಷದ ಹಿಂದಿನ ಸಾಲಿನಲ್ಲೇ ಉಳಿದರು, ಕೊನೆಯವರೆಗೂ ಮಂತ್ರಿಯಾಗಲಿಲ್ಲ. ಮೊದಲ ವರ್ಷಗಳಲ್ಲಿ ಸದನದಲ್ಲಿ ಅವರ ದನಿ ಕೇಳಿದ್ದೇ ಅಪರೂಪ. 1955ರ ಡಿಸೆಂಬರಿನಲ್ಲಿ ವಿಮೆಗೆ ಸಂಬಂಧಿಸಿದ ಚರ್ಚೆಯಲ್ಲಿ ಎದ್ದು ನಿಂತರು. ಪಾಲಿಸಿ ಮಾಡಿಸಿದ ಸಾಮಾನ್ಯ ಜನರ ಹಣ ಖಾಸಗಿ ಕಂಪನಿಯ ಮಾಲೀಕರ ಬೇರೆ ವ್ಯವಹಾರಗಳಿಗೆ ಹೇಗೆ ಹರಿಯುತ್ತಿದೆ ಎಂಬುದನ್ನು ಲೆಕ್ಕಪತ್ರ ಮುಂದಿಟ್ಟು ಬಿಡಿಸಿ ತೋರಿಸಿದರು. 1956ರ ಜನವರಿಯಲ್ಲಿ ಸರ್ಕಾರ ಜೀವ ವಿಮೆಯನ್ನು ರಾಷ್ಟ್ರೀಕರಣ ಮಾಡಿತು. ಆ ಒಂದು ಭಾಷಣದಿಂದಲೇ ಎಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ಭಾಷಣದ ನಂತರ ಖಾಸಗಿ ಕಂಪನಿಗಳ ಪರ ವಾದಿಸುವುದು ಯಾರಿಗೂ ಸುಲಭವಾಗಿರಲಿಲ್ಲ.

ಮುಂದಿನದು ಇನ್ನೂ ದೊಡ್ಡದು. ರಾಷ್ಟ್ರೀಕರಣದಿಂದ ಹುಟ್ಟಿದ ಜೀವ ವಿಮಾ ನಿಗಮ 1957ರ ಜೂನ್‌ನಲ್ಲಿ ಕಲ್ಕತ್ತೆಯ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಅಂದಿನ ಕಾಲಕ್ಕೆ ಅದು ಭಾರಿ ಹಣ. ಸದನದಲ್ಲಿ ಪ್ರಶ್ನೆ ಬಂದಾಗ ಸಿಕ್ಕಿದ್ದು ಜಾರಿಕೊಳ್ಳುವ ಉತ್ತರ. ಫಿರೋಜ್ ಅಲ್ಲಿಗೆ ಬಿಡಲಿಲ್ಲ. ಡಿಸೆಂಬರ್ 16ರಂದು ಮತ್ತೆ ಎದ್ದರು. ಯಾವ ದಿನ ಷೇರು ಕೊಂಡರು, ಆ ದಿನ ಕಲ್ಕತ್ತೆಯ ಪೇಟೆಯಲ್ಲಿ ಅದರ ಧಾರಣೆ ಎಷ್ಟಿತ್ತು, ನಿಗಮ ಕೊಟ್ಟದ್ದೆಷ್ಟು, ನಿಗಮದ ಹೂಡಿಕೆ ಸಮಿತಿಯನ್ನು ಕೇಳಿದ್ದರೋ ಇಲ್ಲವೋ, ಒಂದೊಂದನ್ನೂ ಜೋಡಿಸಿ ಇಟ್ಟರು. ಆ ದಿನದ ನಡಾವಳಿಯನ್ನು ನಾನು ಓದಿದ್ದೇನೆ. ನೀನೂ ಓದು, ಈಗ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ನಡಾವಳಿಗಳು ಸಿಗುತ್ತವೆ. ಒಂದು ಸಂಗತಿ ಇಟ್ಟು, ಅದರ ಪಕ್ಕ ಇನ್ನೊಂದು ಇಟ್ಟು, ಎರಡೂ ಸೇರಿದರೆ ಏನಾಗುತ್ತದೆ ಎಂಬುದನ್ನು ಕೇಳುವವರ ಅರಿವಿಗೇ ಬಿಡುವ ಮಾತು ಅದು.

ಪರಿಣಾಮ ನಿನಗೂ ಗೊತ್ತಿರಬಹುದು. ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ವಿಚಾರಣಾ ಆಯೋಗ ಬಂತು. ಮುಂಬಯಿಯಲ್ಲಿ ಬಹಿರಂಗ ವಿಚಾರಣೆ ನಡೆಯಿತು, ಜನ ಕಿಕ್ಕಿರಿದು ಬಂದು ಕೇಳಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಎತ್ತಿದವರು ವಿರೋಧ ಪಕ್ಷದವರಲ್ಲ, ಸ್ವಂತ ಪಕ್ಷದ, ಸ್ವಂತ ಮಾವ ನೆಹರೂ ಅವರ ಸರ್ಕಾರದ ಹಿಂದೆ ಕೂತವರು! ಆಳುವ ಪಕ್ಷದ ಹಿಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ನಿಮ್ಮ ಪಕ್ಷ ಇವತ್ತು ಯಾವ ಕಡೆ ಇದ್ದರೂ ನಾಳೆ ಆ ಕಡೆ ಹೋಗಬಹುದು, ಆಗಲೂ ಈ ಮಾತನ್ನು ನೆನಪಿಟ್ಟುಕೊ.

ಅದೇ ಫಿರೋಜ್ ಗಾಂಧಿಯವರಿಂದ ನನ್ನ ವೃತ್ತಿಗೆ ಆದ ಉಪಕಾರ ಬೇರೆಯೇ ಇದೆ. ಸದನದ ಒಳಗೆ ಆಡಿದ ಮಾತಿಗೆ ಸದಸ್ಯರಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಇದೆ, ಕೋರ್ಟಿಗೆ ಎಳೆಯುವಂತಿಲ್ಲ. ಆದರೆ ಅದೇ ಮಾತನ್ನು ವರದಿ ಮಾಡಿದ ಪತ್ರಿಕೆಗೆ ಆ ರಕ್ಷಣೆ ಇರಲಿಲ್ಲ. ಮಾತಾಡಿದವರು ಕ್ಷೇಮ, ಅಚ್ಚು ಹಾಕಿದವರಿಗೆ ಮಾನನಷ್ಟ ಮೊಕದ್ದಮೆ. ಹೀಗಾದರೆ ಸದನದಲ್ಲಿ ಆಡಿದ್ದು ಸದನದ ಗೋಡೆ ದಾಟುವುದು ಹೇಗೆ? ಅವರು ಖಾಸಗಿ ಸದಸ್ಯರ ಮಸೂದೆ ತಂದರು. 1956ರಲ್ಲಿ ಅದು ಕಾನೂನಾಯಿತು. ಸಂಸತ್ತಿನ ಕಲಾಪವನ್ನು ದುರುದ್ದೇಶವಿಲ್ಲದೆ, ಇದ್ದದ್ದು ಇದ್ದಂತೆ ವರದಿ ಮಾಡಿದವರಿಗೆ ರಕ್ಷಣೆ ಸಿಕ್ಕಿತು. ತುರ್ತು ಪರಿಸ್ಥಿತಿಯಲ್ಲಿ ಆ ಕಾನೂನನ್ನು ರದ್ದು ಮಾಡಿದರು. 1977ರಲ್ಲಿ ಅದು ಮರಳಿ ಬಂತು, ಆಮೇಲೆ 44ನೇ ತಿದ್ದುಪಡಿಯ ಮೂಲಕ ಸಂವಿಧಾನದೊಳಗೇ ಸೇರಿತು. ಮಸೂದೆ ತಂದವರು 1960ರಲ್ಲೇ ತೀರಿಕೊಂಡಿದ್ದರು. ಗ್ಯಾಲರಿಯಲ್ಲಿ ಕೂತು ನಾನು ನಿರ್ಭಯವಾಗಿ ಬರೆದ ಒಂದೊಂದು ಸಾಲೂ ಆ ಹಿಂದಿನ ಸಾಲಿನವರ ಋಣದಲ್ಲಿದೆ.

ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. 105ನೇ ವಿಧಿಯ ರಕ್ಷಣೆಯನ್ನು ಬಾಯಿಗೆ ಬಂದದ್ದು ಆಡಲು ಸಿಕ್ಕ ಪರವಾನಗಿ ಎಂದುಕೊಂಡವರನ್ನು ನೋಡಿದ್ದೇನೆ. ಯಾರ ಮೇಲಾದರೂ ಆರೋಪ ಮಾಡುವ ಮುನ್ನ ಸ್ಪೀಕರ್‌ಗೂ ಸಂಬಂಧಪಟ್ಟ ಮಂತ್ರಿಗೂ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದೆ, ಅದು 353ನೆಯದು. ಆ ನಿಯಮ ನಿನ್ನ ಬಾಯಿ ಕಟ್ಟುವುದಕ್ಕೆ ಎಂದು ಹಿರಿಯ ಸದಸ್ಯರೇ ಯಾರಾದರೂ ಹೇಳಿಯಾರು. ನಂಬಬೇಡ. ಮುಂಚಿತವಾಗಿ ತಿಳಿಸಬೇಕು ಎಂದಾಗ ದಾಖಲೆ ಸರಿಯಿದೆಯೇ ಎಂದು ನೀನೇ ಇನ್ನೊಮ್ಮೆ ನೋಡುತ್ತೀಯ. ಅದರಿಂದ ನಿನಗೇ ಲಾಭ.

ಈಗ ನಿನ್ನ ಕ್ಷೇತ್ರದ ವಿಷಯಕ್ಕೆ ಬರೋಣ. ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದಿದೆ, ಧಾರಣೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ, ಹೊರಗಿನ ಅಡಿಕೆ ಒಳಗೆ ಬರುತ್ತಿದೆ ಎಂದು ಪ್ರಚಾರದುದ್ದಕ್ಕೂ ಜನ ನಿನಗೆ ಹೇಳಿದ್ದಾರೆ. ಎಲ್ಲವನ್ನೂ ಒಟ್ಟುಗೂಡಿಸಿ ಅಡಿಕೆ ಬೆಳೆಗಾರರ ಸಂಕಷ್ಟ ಪರಿಹಾರಕ್ಕೆ ಸರ್ಕಾರ ಏನು ಕ್ರಮ ಕೈಗೊಂಡಿದೆ ಎಂದು ಕೇಳಲು ನಿನಗೆ ಆತುರವಿರುತ್ತದೆ. ಹಾಗೆ ಕೇಳಿದರೆ ಬರುವ ಉತ್ತರವನ್ನು ನಾನು ಇಲ್ಲೇ ಬರೆದುಕೊಡಬಲ್ಲೆ: ಸರ್ಕಾರ ರೈತರ ಹಿತಕ್ಕೆ ಬದ್ಧವಾಗಿದೆ, ಹಲವು ಯೋಜನೆಗಳು ಜಾರಿಯಲ್ಲಿವೆ, ಪಟ್ಟಿ ಲಗತ್ತಿಸಿದೆ. ಅಷ್ಟೇ. ತೋಟದ ಮಾಲೀಕನಿಗೆ ಅದರಿಂದ ಒಂದು ಬಿಡಿಗಾಸೂ ಇಲ್ಲ.

ದೆಹಲಿಯಲ್ಲಿ ಅಡಿಕೆ ಒಂದು ಇಲಾಖೆಯ ವಿಷಯವಲ್ಲ, ಇದನ್ನು ಮೊದಲು ಮನದಟ್ಟು ಮಾಡಿಕೊ. ರೋಗ, ಸಂಶೋಧನೆ, ಔಷಧಿ ಸಿಂಪಡಣೆಗೆ ನೆರವು ಕೃಷಿ ಇಲಾಖೆಗೆ ಸೇರಿದ್ದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ, ವಿಟ್ಲದಲ್ಲಿರುವ ಅದರ ಕೇಂದ್ರವೂ ಆ ಕಡೆಗೇ ಬರುತ್ತವೆ. ಆಮದಿನ ನೀತಿ ವಾಣಿಜ್ಯ ಇಲಾಖೆಯದು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದು ಅವರೇ. ಗಡಿಯಲ್ಲಿ, ಬಂದರಿನಲ್ಲಿ ಕಳ್ಳಸಾಗಣೆ ಹಿಡಿಯುವುದು ಹಣಕಾಸು ಇಲಾಖೆಯ ಕೈಕೆಳಗಿನ ಕಸ್ಟಮ್ಸ್. ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎನ್ನುವ ಚರ್ಚೆ ಆರೋಗ್ಯ ಇಲಾಖೆಯದು. ಮಂತ್ರಾಲಯಗಳಿಗೆ ಉತ್ತರ ಕೊಡುವ ವಾರದ ದಿನ ಗೊತ್ತುಮಾಡಿರುತ್ತಾರೆ. ಒಂದೇ ತೋಟದ ಕಷ್ಟವನ್ನು ಬೇರೆ ಬೇರೆ ಮಂತ್ರಿಗಳ ಮುಂದೆ, ಬೇರೆ ಬೇರೆ ದಿನ ಇಡಬೇಕು. ಎಲ್ಲ ಸೇರಿಸಿ ಒಬ್ಬರನ್ನು ಕೇಳಿದರೆ ಅವರು ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ.

ವಾಣಿಜ್ಯ ಮಂತ್ರಿಯನ್ನು ಹೀಗೆ ಕೇಳು: ದರ ಏರಿಸಿದ ಮೇಲೆ ವರ್ಷವಾರು, ದೇಶವಾರು ಎಷ್ಟು ಟನ್ ಅಡಿಕೆ ಬಂದಿದೆ? ಅದರಲ್ಲಿ ಕನಿಷ್ಠ ದರದಿಂದ ವಿನಾಯಿತಿ ಪಡೆದು ಬಂದದ್ದೆಷ್ಟು, ಯಾವ ಆದೇಶದಂತೆ? ಹಣಕಾಸು ಮಂತ್ರಿಯನ್ನು ಹೀಗೆ: ಯಾವ ಬಂದರಿನಲ್ಲಿ, ಯಾವ ಗಡಿ ಠಾಣೆಯಲ್ಲಿ ಎಷ್ಟು ಹಿಡಿದರು, ಹಿಡಿದ ಮಾಲು ಏನಾಯಿತು, ಹರಾಜಾಗಿ ಮತ್ತೆ ಪೇಟೆಗೇ ಬಂತೆ? ಈ ಕೊನೆಯ ತುಂಡು ಇದೆಯಲ್ಲ, ಅದನ್ನು ನಿನಗೆ ದೆಹಲಿಯ ಯಾವ ತಜ್ಞರೂ ಹೇಳಿಕೊಡುವುದಿಲ್ಲ. ಮಂಡಿಯಲ್ಲಿ ಕೂತು ಧಾರಣೆ ನೋಡುವವನಿಗೆ ಅದು ಹೊಳೆಯುತ್ತದೆ. ಪ್ರಶ್ನೆ 150 ಪದ ದಾಟಬಾರದು, ಹದಿನೈದು ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಮಂತ್ರಿ ಸದನದಲ್ಲೇ ಎದ್ದು ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ ಇಪ್ಪತ್ತು ಮಾತ್ರ, ಚೀಟಿ ಎತ್ತಿ ಆರಿಸುತ್ತಾರೆ, ನಿನ್ನದು ಬಂದರೆ ಅದೃಷ್ಟ. ಚುಕ್ಕೆರಹಿತ ಪ್ರಶ್ನೆಗಳು ದಿನಕ್ಕೆ 230, ಅವಕ್ಕೆ ಬರುವುದು ಲಿಖಿತ ಉತ್ತರ. ಲಿಖಿತ ಉತ್ತರವನ್ನು ಕೀಳಾಗಿ ಕಾಣಬೇಡ. ಮಂತ್ರಿ ಬಾಯಲ್ಲಿ ಹೇಳಿದ್ದಕ್ಕಿಂತ ಅಂಕಿಅಂಶದ ಅನುಬಂಧದಲ್ಲಿ ಸತ್ಯ ಹೆಚ್ಚು ಸಿಕ್ಕಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನಿನ್ನ ಚುಕ್ಕೆ ಗುರುತಿನ ಪ್ರಶ್ನೆ ಬಂದೇಬಿಟ್ಟಿತು ಎಂದುಕೊ. ಉಪಪ್ರಶ್ನೆ ಕೇಳಲು ಎದ್ದವಳು ಪೀಠಿಕೆ ಹಾಕಬೇಡ, ನಾಯಕರಿಗೆ ಧನ್ಯವಾದ ಬೇಡ, ಕ್ಷೇತ್ರದ ಪುಣ್ಯಸ್ಥಳಗಳ ವರ್ಣನೆ ಬೇಡ. ಮಂತ್ರಿಯ ಲಿಖಿತ ಉತ್ತರ ಬೆಳಿಗ್ಗೆಯೇ ಕೈಗೆ ಸಿಗುತ್ತದೆ. ಓದಿ, ಯಾವ ಭಾಗಕ್ಕೆ ಉತ್ತರ ಕೊಡದೆ ದಾಟಿಸಿದ್ದಾರೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕು. ಅಲ್ಲಿಗೇ ಬೆರಳಿಡು.

ಆಗ ಮಂತ್ರಿ ಪರಿಶೀಲಿಸುತ್ತೇವೆ, ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ ಎನ್ನುತ್ತಾರೆ. ಬಹಳಷ್ಟು ಸದಸ್ಯರು ಅಲ್ಲಿಗೆ ತೃಪ್ತರಾಗಿ ಕೂರುತ್ತಾರೆ, ಊರಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಮುಗಿಯಿತು. ನೀನು ಅಲ್ಲಿಂದ ಶುರು ಮಾಡಬೇಕು. ಸದನದಲ್ಲಿ ಮಂತ್ರಿ ಕೊಟ್ಟ ಅಂಥ ಮಾತು ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತೋ ಇಲ್ಲವೋ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅಲ್ಲಿ ಹಳೆಯ ಭರವಸೆಗಳು ವರ್ಷಗಟ್ಟಲೆ ಕೊಳೆಯುವುದೂ ಉಂಟು, ನಿಜ. ಕೇಳುವವರಿಲ್ಲದೆ ಕೊಳೆಯುತ್ತವೆ. ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಂಡು ಪ್ರಶ್ನೆಯ ಸಂಖ್ಯೆ, ತಾರೀಕು, ಮಂತ್ರಿ ಕೊಟ್ಟ ಮಾತು, ಅದರ ಗಡುವು ಬರೆದಿಡು. ಗಡುವು ದಾಟಿದ ದಿನ ಸಮಿತಿಗೆ ಪತ್ರ ಹೋಗಬೇಕು, ಮಂತ್ರಿಗೆ ನೆನಪೋಲೆ ಹೋಗಬೇಕು, ಮುಂದಿನ ಅಧಿವೇಶನದಲ್ಲಿ ಹಿಂದಿನ ಉತ್ತರವನ್ನು ಉಲ್ಲೇಖಿಸಿ ಹೊಸ ಪ್ರಶ್ನೆ ಬರಬೇಕು. ಬೆನ್ನು ಬಿಡದಿರುವುದು ಎಂದು ನಾನು ಮೇಲೆ ಹೇಳಿದ್ದು ಈ ಗುಮಾಸ್ತಿಕೆಯನ್ನೇ. ಇದರಲ್ಲಿ ಚಪ್ಪಾಳೆ ಇಲ್ಲ. ಆದರೆ ಇಲಾಖೆಯ ಅಧಿಕಾರಿಗಳು ನಿನ್ನ ಹೆಸರಿನ ಪ್ರಶ್ನೆ ಬಂದರೆ ಉತ್ತರವನ್ನು ಎರಡು ಸಲ ಓದಿ ಸಹಿ ಹಾಕುವ ಕಾಲ ಬರುತ್ತದೆ.

ಭಾಷೆಯ ಬಗ್ಗೆ ನಿನಗಿರುವ ಅಳುಕು ನನಗೆ ಗೊತ್ತು. 1967ರಲ್ಲಿ ಶಿವಮೊಗ್ಗದಿಂದ ಸಮಾಜವಾದಿಗಳ ಪಕ್ಷದಲ್ಲಿ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಆಗ ಮಾತಿನ ಜೊತೆಜೊತೆಗೇ ಅರ್ಥ ಹೇಳುವ ಅನುವಾದಕರ ವ್ಯವಸ್ಥೆ ಕನ್ನಡಕ್ಕೆ ಇರಲಿಲ್ಲ. ಇವತ್ತು ಇದೆ. ಮುಂಚಿತವಾಗಿ ತಿಳಿಸಿದರೆ ನೀನು ಕನ್ನಡದಲ್ಲಿ ಆಡಿದ್ದು ಎಲ್ಲರ ಕಿವಿಗೆ ಅನುವಾದವಾಗಿ ಬೀಳುತ್ತದೆ. ಇಂಗ್ಲಿಷಿನಲ್ಲಿ ತಡವರಿಸಿ ನಾಲ್ಕು ನಿಮಿಷ ಕಳೆಯುವುದಕ್ಕಿಂತ ಕನ್ನಡದಲ್ಲಿ ನೇರವಾಗಿ ಎರಡು ನಿಮಿಷ ಮಾತಾಡು. ಅನುವಾದಕರಿಗೆ ಮಾತಿನ ಪ್ರತಿ ಮೊದಲೇ ಕೊಟ್ಟಿರು. ಅಂಕಿಗಳನ್ನು, ಊರ ಹೆಸರುಗಳನ್ನು ನಿಧಾನವಾಗಿ ಹೇಳು.

ಸಣ್ಣ ಕ್ಷೇತ್ರದವರು ದೇಶದ ವಿಷಯ ಎತ್ತಬಾರದು ಎಂದೇನೂ ಇಲ್ಲ. ರಾಮಮನೋಹರ ಲೋಹಿಯಾ 1963ರ ಉಪಚುನಾವಣೆಯಲ್ಲಿ ಫರೂಕಾಬಾದಿನಿಂದ ಗೆದ್ದು ಬಂದ ಕೆಲವೇ ತಿಂಗಳಲ್ಲಿ ನೆಹರೂ ಸರ್ಕಾರದ ಮೇಲೆ ಮೊದಲ ಅವಿಶ್ವಾಸ ಗೊತ್ತುವಳಿ ಬಂತು. ಈ ದೇಶದ ಬಡವ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾನೆ ಎಂದರು ಲೋಹಿಯಾ. ಇಲ್ಲ, ಹದಿನೈದಾಣೆ ಎಂದಿತು ಸರ್ಕಾರ. ದೇಶವೆಲ್ಲ ಆ ಲೆಕ್ಕದ ಬಗ್ಗೆ ಮಾತಾಡಿತು. ರಾಷ್ಟ್ರೀಯ ಆದಾಯ, ತಲಾ ಸರಾಸರಿ ಎಂಬ ಒಣ ಲೆಕ್ಕವನ್ನು ಅವರು ಸಂತೆಗೆ ಹೋಗುವ ಹೆಂಗಸಿನ ಸೆರಗಿನ ಗಂಟಿಗೆ ಹೊಂದಿಸಿ ಇಟ್ಟಿದ್ದರು. ಹಾಗೆ ನೋಡಿದರೆ ನಿನ್ನ ಅಡಿಕೆಯೂ ಬರೀ ನಿನ್ನ ಜಿಲ್ಲೆಯದಲ್ಲ. ಕೇರಳದಲ್ಲಿ ಬೆಳೆಯುತ್ತಾರೆ, ಅಸ್ಸಾಮಿನಲ್ಲಿ, ಮೇಘಾಲಯದಲ್ಲಿ ಬೆಳೆಯುತ್ತಾರೆ. ಆ ಕಡೆಯ ಸದಸ್ಯರು ಬೇರೆ ಪಕ್ಷದವರಾಗಿರಬಹುದು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರ ಪಕ್ಕ ಹೋಗಿ ಕೂತುಕೊ. ನೀವು ಐದಾರು ಮಂದಿ ಒಂದೇ ವಾರ, ಒಂದೇ ಮಂತ್ರಿಗೆ, ಒಂದೇ ಉತ್ತರದ ಬೇರೆ ಬೇರೆ ತುದಿ ಹಿಡಿದು ಕೇಳಿದರೆ ಅದು ಊರ ದೂರಾಗಿ ಉಳಿಯುವುದಿಲ್ಲ, ದೇಶದ ವಿಷಯವಾಗುತ್ತದೆ.

ಶುಕ್ರವಾರ ಮಧ್ಯಾಹ್ನದ ಬಗ್ಗೆ ಒಂದು ಮಾತು. ಅಂದಿನ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳಿಗೆ ಮೀಸಲು. ಅದೇ ಹೊತ್ತಿಗೆ ಸದಸ್ಯರು ಊರಿಗೆ ವಿಮಾನ ಹತ್ತುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ಇಂಥ ಮಸೂದೆಗಳಲ್ಲಿ ಕಾನೂನಾದದ್ದು ಹದಿನಾಲ್ಕು, ಕೊನೆಯದು 1970ರಲ್ಲಿ. ಅದನ್ನು ಕೇಳಿ ಇದೆಲ್ಲ ವ್ಯರ್ಥ ಎನ್ನಬೇಡ. ತಮಿಳುನಾಡಿನ ತಿರುಚ್ಚಿ ಶಿವಾ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ತಂದ ಮಸೂದೆಯನ್ನು 2015ರ ಏಪ್ರಿಲ್ 24ರಂದು ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಅದು ದಾಟಲಿಲ್ಲ. ಆದರೆ ಸರ್ಕಾರ ತಾನೇ ಮಸೂದೆ ತರಬೇಕಾಯಿತು, 2019ರಲ್ಲಿ ಕಾನೂನೂ ಬಂತು. ಶಿವಾ ಅವರ ಮಸೂದೆಯಲ್ಲಿದ್ದಷ್ಟು ಅದರಲ್ಲಿಲ್ಲ ಎಂಬ ಕೊರಗು ಆ ಸಮುದಾಯದವರಲ್ಲಿದೆ, ನನಗೂ ಇದೆ. ಆದರೂ ಸರ್ಕಾರ ಮೌನವಾಗಿರಲು ಸಾಧ್ಯವಾಗದಂತೆ ಮಾಡಿದ್ದು ಒಬ್ಬ ಸದಸ್ಯ, ಒಂದು ಶುಕ್ರವಾರ. ಶುಕ್ರವಾರದ ವಿಮಾನವನ್ನು ಶನಿವಾರಕ್ಕೆ ಬದಲಿಸಿಕೊ.

ಪಕ್ಷದ ವಿಷಯ ನೀನು ಕೇಳಬೇಕೆಂದಿದ್ದೀಯ, ಕೇಳಲು ಸಂಕೋಚ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಅದು ಮತಕ್ಕೆ ಸಂಬಂಧಿಸಿದ ಮಾತು. ಪ್ರಶ್ನೆ ಕೇಳುವುದನ್ನು, ಸದನದ ನಿಯಮ 377ರ ಅಡಿಯಲ್ಲಿ ಕ್ಷೇತ್ರದ ವಿಷಯ ಎತ್ತುವುದನ್ನು, ಸ್ಥಾಯಿ ಸಮಿತಿಯಲ್ಲಿ ಅಧಿಕಾರಿಯನ್ನು ಕೂರಿಸಿಕೊಂಡು ವಿಚಾರಿಸುವುದನ್ನು ಯಾವ ವಿಪ್ಪೂ ತಡೆಯಲಾರದು. ಸದನದ ಬಾವಿಗೆ ಇಳಿಯಲು ಪಕ್ಷ ಹೇಳಿದ ದಿನ ನಿನಗೆ ಧರ್ಮಸಂಕಟ. ಗದ್ದಲದಲ್ಲಿ ಮೊದಲು ಸಾಯುವುದು ಪ್ರಶ್ನೋತ್ತರ ಕಲಾಪ. ನಾಯಕರಿಗೆ ಹೊರಗೆ ಮೈಕು ಸಿಗುತ್ತದೆ, ಹಿಂದಿನ ಸಾಲಿನವರಿಗೆ ಆ ಒಂದು ಗಂಟೆ ಬಿಟ್ಟರೆ ಬೇರೆ ಗತಿಯಿಲ್ಲ. ಮೊದಲ ಲೋಕಸಭೆ ಐದು ವರ್ಷದಲ್ಲಿ 677 ದಿನ ಸೇರಿತ್ತು, ಹದಿನೇಳನೆಯದು ಸೇರಿದ್ದು 274 ದಿನ. ಈ ಲೆಕ್ಕವನ್ನು ನಿಮ್ಮ ಪಕ್ಷದ ಸಭೆಯಲ್ಲಿ, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ ಹೇಳು.

ಫಲ ತಡವಾದರೆ ಎದೆಗುಂದಬೇಡ. ನಿಮ್ಮ ಸೀಮೆಯವರೇ ಆದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಕಾಗೋಡು ಸತ್ಯಾಗ್ರಹದ ಬಿಸಿ ಆರುವ ಮುನ್ನ, 1952ರಲ್ಲಿ, ಮೈಸೂರು ವಿಧಾನಸಭೆಗೆ ಹೋದರು. ಗೇಣಿದಾರನಿಗೆ ಭೂಮಿ ಸಿಗಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಗಬೇಕು ಎಂದು ವಿರೋಧ ಪಕ್ಷದ ಬೆಂಚಿನಿಂದ ಕೂಗಿ ಹೇಳಿದರು. 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ಉಳುವವನಿಗೆ ಒಡೆತನ ಕೊಡುವ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು. ಎರಡನ್ನೂ ಅವರು ಕಣ್ಣಾರೆ ನೋಡಲಿಲ್ಲ ಎಂಬುದನ್ನು ನೆನೆದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. ಆದರೆ ಆ ಎರಡೂ ಕೆಲಸ ಮಾಡಿದ ಸರ್ಕಾರದ ಮುಂದೆ ಅವರ ಮಾತುಗಳು ನಡಾವಳಿಯಲ್ಲಿ ಅಚ್ಚಾಗಿ ಕೂತಿದ್ದವು.

ಅಧಿವೇಶನಕ್ಕೆ ಇನ್ನೂ ಸಮಯವಿದೆ. ಸನ್ಮಾನಗಳನ್ನು ಸ್ವಲ್ಪ ಮುಂದೂಡಿ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ಒಂದು ಸುತ್ತು ಹೋಗಿ ಬಾ. ತೋಟಗಾರಿಕೆ ಇಲಾಖೆಯ ಕಚೇರಿಗಳಲ್ಲಿ ಎಲೆಚುಕ್ಕಿ ಬಿದ್ದ ಹೆಕ್ಟೇರುಗಳ ಲೆಕ್ಕ ಲಿಖಿತವಾಗಿ ತೆಗೆದುಕೊ. ಮಂಡಿಯವರಿಂದ ವರ್ಷವಾರು ಧಾರಣೆ ತೆಗೆದುಕೊ. ಸಂಸತ್ ಗ್ರಂಥಾಲಯದಲ್ಲಿ ಸದಸ್ಯರಿಗೆ ಮಾಹಿತಿ ಹುಡುಕಿಕೊಡುವವರೇ ಇದ್ದಾರೆ, ಹಿಂದಿನ ಲೋಕಸಭೆಯಲ್ಲಿ ಅಡಿಕೆ ಬಗ್ಗೆ ಬಂದ ಎಲ್ಲ ಪ್ರಶ್ನೋತ್ತರಗಳನ್ನು ಅವರಿಂದ ತರಿಸು. ಮೊದಲ ಪ್ರಶ್ನೆ ವಾಣಿಜ್ಯ ಇಲಾಖೆಗೆ ಇರಲಿ, ಕೃಷಿ ಇಲಾಖೆಯದು ಮುಂದಿನ ವಾರಕ್ಕೆ. ಕರಡು ಬರೆದು ನನಗೆ ಕಳಿಸು. ಕಣ್ಣು ಮಂಜಾಗಿದೆ, ಅಕ್ಷರ ದೊಡ್ಡದಾಗಿ ಅಚ್ಚು ಹಾಕಿಸು. 150 ಪದದೊಳಗೆ ಇಳಿಸಿ ಎರಡು ದಿನದಲ್ಲಿ ವಾಪಸ್ ಕೊಡುತ್ತೇನೆ.